ಹೊಳೆಯ ದಂಡೆಯಲ್ಲಿ ಕುಟುಂಬದ ನಡಿಗೆ



“ದಿನವಿಡೀ ಹೊಲದಲ್ಲಿ ದುಡಿಯುವ ನಮಗೆ ಮತ್ತೆ ನಡಿಗೆ ಏಕೆ?” ಎಂದು ನೀವು ಕೇಳಬಹುದು. ದುಡಿಮೆಯಿಂದ ದೇಹಕ್ಕೆ ವ್ಯಾಯಾಮ ದೊರೆಯುವುದು ನಿಜ. ಆದರೆ ಪತಿ, ಪತ್ನಿ, ಮಕ್ಕಳು ಅವಸರವಿಲ್ಲದೆ ಒಟ್ಟಿಗೆ ಕಳೆಯುವ ವೇಳೆ ಅದರಲ್ಲಿ ದೊರೆಯದು. ಜಾತ್ರೆಗೆ ಹೋದಾಗಲೂ ಬುತ್ತಿ ಕಟ್ಟುವುದು, ಮಗುವನ್ನು ಎತ್ತಿಕೊಳ್ಳುವುದು ತಾಯಿಯ ಪಾಲಿಗೇ ಬೀಳುತ್ತದೆ. ವರ್ಷದಲ್ಲಿ ಕೆಲವು ಸಲವಾದರೂ ಇಡೀ ಕುಟುಂಬ ಸಂತೋಷಕ್ಕಾಗಿಯೇ ನಡೆಯುವುದು ದೇಹಕ್ಕೂ ಮನಸ್ಸಿಗೂ ಹಿತಕರ.

ಹಂಪಿಯ ಹಾದಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ವಿರೂಪಾಕ್ಷ ದೇವಾಲಯದಿಂದ ವಿಜಯವಿಠ್ಠಲ ದೇವಾಲಯಕ್ಕೆ ತುಂಗಭದ್ರೆಯ ದಂಡೆಯ ಮೇಲೆ ಸುಮಾರು 2 ಕಿಲೋಮೀಟರ್ ಕಾಲುದಾರಿಯಿದೆ. ತೇರುಬೀದಿಯ ಕೊನೆಯವರೆಗೆ ಸಾಗಿ, ಹೊಳೆಯ ಕಡೆಗೆ ತಿರುಗಿದರೆ ಚಕ್ರತೀರ್ಥದ ಎದುರಿಗೆ ಕೋದಂಡರಾಮ ದೇವಾಲಯ ಸಿಗುತ್ತದೆ. ಮುಂದೆ ಹೆಬ್ಬಂಡೆಗಳ ನಡುವೆ ಸಾಗಿದರೆ ನೀರಿನಂಚಿನಲ್ಲಿ ಪುರಂದರ ಮಂಟಪ, ಮೇಲೆ ರಾಜರ ತುಲಾಭಾರದ ಕಲ್ಲುಕಂಬಗಳು ಕಾಣುತ್ತವೆ. ಮಕ್ಕಳೊಡನೆ ನಿಂತು ನಿಂತು ನಡೆದರೂ ಒಂದೂವರೆ ಗಂಟೆ ಸಾಕು.

ಬಿಸಿಲು ಏರುವ ಮೊದಲೇ, ಬೆಳಗಿನ 7 ಗಂಟೆಗೆ ಹೊರಡಿರಿ. ಕುದಿಸಿ ಆರಿಸಿದ ನೀರನ್ನು ಜೊತೆಗೆ ಒಯ್ಯಿರಿ. ಹೊಳೆಯ ನೀರು ತಿಳಿಯಾಗಿ ಕಂಡರೂ ಕುಡಿಯಲು ಯೋಗ್ಯವಲ್ಲ. ಎಲ್ಲರಿಗೂ ಪಾದರಕ್ಷೆ, ತಲೆಗೆ ಬಟ್ಟೆ ಇರಲಿ. ಗರ್ಭಿಣಿಗೆ ಸಮನೆಲದ ನಡಿಗೆ ಸಾಮಾನ್ಯವಾಗಿ ಒಳ್ಳೆಯದೇ. ಆದರೆ ಬಂಡೆಗಳನ್ನು ಹತ್ತಿಳಿಯುವುದು ಬೇಡ. ರಕ್ತಹೀನತೆ ಅಥವಾ ರಕ್ತಸ್ರಾವವಿದ್ದವರು ಮೊದಲು ವೈದ್ಯರ ಸಲಹೆ ಪಡೆಯತಕ್ಕದ್ದು.

ಈ ಹಾದಿಯಲ್ಲಿ ನಿಜವಾದ ಅಪಾಯವಿರುವುದು ನೀರಿನಲ್ಲಿ. ಚಕ್ರತೀರ್ಥದ ಬಳಿ ಹೊಳೆ ತಿರುವಿನಲ್ಲಿ ಹರಿಯುವುದರಿಂದ ಸೆಳೆತ ಹೆಚ್ಚು. ಪಾಚಿ ಹಿಡಿದ ಬಂಡೆ ಜಾರುತ್ತದೆ. ಈ ಹೊಳೆಯಲ್ಲಿ ಮೊಸಳೆಗಳೂ ಇವೆ. ಮಳೆಗಾಲದಲ್ಲಿ ಮೇಲಿನ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಪುರಂದರ ಮಂಟಪವೇ ಮುಳುಗುವುದುಂಟು. ಅಂಥ ದಿನಗಳಲ್ಲಿ ಈ ದಾರಿ ಹಿಡಿಯಬೇಡಿರಿ.

ಮುಳುಗುವ ಮಗು ಕೂಗಿ ಕರೆಯುತ್ತದೆಂದು ಹಲವರು ನಂಬಿದ್ದಾರೆ. ಇದು ತಪ್ಪು. ಬಾಯಿಗೆ ನೀರು ನುಗ್ಗುವುದರಿಂದ ಕೂಗಲು ಉಸಿರೇ ಇರುವುದಿಲ್ಲ. ಮಗು ಸದ್ದಿಲ್ಲದೆ ಮುಳುಗುತ್ತದೆ. “ಅವರು ನೋಡುತ್ತಿದ್ದಾರೆ” ಎಂದು ತಾಯಿ, “ಅವಳು ನೋಡುತ್ತಿದ್ದಾಳೆ” ಎಂದು ತಂದೆ ಭಾವಿಸಿದಾಗ ಮಗುವನ್ನು ನೋಡುವವರು ಯಾರೂ ಇರುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ಮಾತಾಡಿಕೊಳ್ಳಿರಿ: ಹೋಗುವಾಗ ಕಿರಿಯ ಮಗುವಿನ ಕೈ ತಂದೆಯದು, ಬರುವಾಗ ತಾಯಿಯದು. ಬುತ್ತಿ ಬಿಚ್ಚುವಾಗಲೂ ಒಬ್ಬರ ಕಣ್ಣು ಮಗುವಿನ ಮೇಲೆಯೇ ಇರಲಿ. ಮಕ್ಕಳ ನಡುವೆ ಅಂತರವಿದ್ದರೆ ಎತ್ತಿಕೊಳ್ಳಬೇಕಾದ ಮಗು ಒಂದೇ ಇರುತ್ತದೆ, ಕಾವಲೂ ಸುಲಭವಾಗುತ್ತದೆ.

ಆದರೂ ಯಾರಾದರೂ ನೀರಿಗೆ ಬಿದ್ದರೆ, ಈಜು ಬಾರದವರು ಧುಮುಕಬಾರದು. ಸೀರೆ, ಪಂಚೆ, ಹಗ್ಗ ಅಥವಾ ಕೋಲನ್ನು ಚಾಚಿ ಎಳೆದುಕೊಳ್ಳಿರಿ, ಜನರನ್ನು ಕೂಗಿರಿ. ದಡಕ್ಕೆ ತಂದ ಮೇಲೆ ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಸಲ್ಲದು. ಇದರಿಂದ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಉಸಿರಾಟವಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲವನ್ನು ಮೇಲೆತ್ತಿ, ಮೂಗು ಮುಚ್ಚಿ, ಎದೆ ಏರುವಂತೆ ಬಾಯಿಯಿಂದ 5 ಸಲ ಉಸಿರು ಊದಿರಿ. ಕೂಸಾದರೆ ಅದರ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಮೆಲ್ಲನೆ ಊದಿರಿ. ಅನಂತರ ಎದೆಯ ನಡುವೆ 30 ಸಲ ವೇಗವಾಗಿ ಒತ್ತಿ, 2 ಸಲ ಊದುತ್ತ, ನೆರವು ಬರುವವರೆಗೆ ನಿಲ್ಲಿಸದೆ ಮುಂದುವರಿಸಿರಿ. ಜೊತೆಯಲ್ಲಿದ್ದವರು 108ಕ್ಕೆ ಕರೆ ಮಾಡಲಿ. ಮಗು ಚೇತರಿಸಿಕೊಂಡರೂ ಆಸ್ಪತ್ರೆಗೆ ಒಯ್ಯಲೇಬೇಕು; ಕೆಲವು ಗಂಟೆಗಳ ನಂತರ ಉಸಿರಾಟದ ತೊಂದರೆ ಉಂಟಾಗಬಹುದು.

ಹಂಪಿ ದೂರವಾದವರಿಗೆ ತಮ್ಮೂರಿನ ಕೆರೆಯ ಏರಿ, ಕಾಲುವೆಯ ದಂಡೆ ಇದ್ದೇ ಇದೆ. ಅಲ್ಲಿಯೂ ನಿಯಮ ಇದೇ. ಬರುವ ಬಿಡುವಿನ ದಿನ ನಾಲ್ಕು ಹೆಜ್ಜೆ ಕೂಡಿ ನಡೆಯಿರಿ. ಮಗುವಿನ ಕೈ ಯಾರದೆಂಬುದನ್ನು ಮನೆಯ ಹೊಸ್ತಿಲು ದಾಟುವ ಮುನ್ನವೇ ನಿಶ್ಚಯಿಸಿರಿ.