ಖಾಬೂರದಲ್ಲಿ ಒಂದು ಶುಕ್ರವಾರ

2007ರ ಜೂನ್‌ನಲ್ಲಿ ಗೋನು ಚಂಡಮಾರುತ ಬಂದಾಗ ಮಸ್ಕತ್ತಿನಲ್ಲಿ ನೀರಿಗೂ ಪರದಾಡಿದ್ದು ಹಳಬರಿಗೆ ನೆನಪಿದೆ. 2021ರ ಅಕ್ಟೋಬರ್ 3ರಂದು ಶಾಹೀನ್ ಹೊಡೆದದ್ದು ಬಾತಿನಾ ಕರಾವಳಿಗೆ. ಸುವೈಕ್, ಖಾಬೂರದ ಮನೆಗಳಲ್ಲಿ ಮಣ್ಣೋ ಮಣ್ಣು. ಆ ಶುಕ್ರವಾರ ದೇಶದೆಲ್ಲೆಡೆಯಿಂದ ಸ್ವಯಂಸೇವಕರು ಸಲಿಕೆ, ಪೊರಕೆ ಹಿಡಿದು ಹೊರಟರು. ನಾವು ನಾಲ್ವರೂ ಜೊತೆಯಾದೆವು.

ಬಣ್ಣದ ಪೆನ್ಸಿಲ್‌ಗಳಿಗೆ ಮಕ್ಕಳು ಮುಗಿಬಿದ್ದವು. (ಅಕ್ಕಿ-ಬೇಳೆ ಯಾರಾದರೂ ತರುತ್ತಾರೆ, ಪೆನ್ಸಿಲ್ ಯಾರು ತರುತ್ತಾರೆ ಹೇಳಿ!) ಮನೆ ಬಿಟ್ಟು ನೆಂಟರಲ್ಲಿ ಉಳಿದಿದ್ದ ಅಜ್ಜಿಯೊಬ್ಬರ ಅಂಗಳದ ಕೆಸರು ಎತ್ತುವಷ್ಟರಲ್ಲಿ ಸಂಜೆಯಾಯಿತು. ಅವರ ಚಿಂತೆಯೇ ಬೇರೆ: ಬಂದವರಿಗೆ ಕಹ್ವಾ ಕೊಡಲು ಮನೆಯಲ್ಲಿ ಒಂದು ಫಿಂಜಾನ್ ಕೂಡ ಉಳಿದಿರಲಿಲ್ಲ. ಕೊನೆಗೆ ನಮ್ಮದೇ ಫ್ಲಾಸ್ಕಿನ ಚಹಾವನ್ನು ಕಾಗದದ ಲೋಟಕ್ಕೆ ಬಗ್ಗಿಸಿ, ನಮಗೇ ಉಪಚಾರ ಮಾಡಿದರು. ಮುಂದಿನ ವಾರ ಒಂದು ಡಜನ್ ಫಿಂಜಾನ್ ಒಯ್ದುಕೊಟ್ಟೆವು.