ಬೆಂಕಿಯ ಕವಾಯತು ಮತ್ತು ವಾರ್ಡನ್ನನ ಹೊಣೆ

ಬೋರನಕಣಿವೆಯ ನಮ್ಮ ಮನೆಯ ಅಟ್ಟದ ತುಂಬ ಕೊಬ್ಬರಿ, ಹಿತ್ತಲಲ್ಲಿ ಮಟ್ಟೆಯ ರಾಶಿ. ಬೆಂಕಿಯೆಂದರೆ ಕೊಡ ಹಿಡಿದು ಓಡುವುದೆಂದೇ ನಾನು ತಿಳಿದಿದ್ದೆ. ಕಾಲೇಜಿನ ಬೆಂಕಿ ಕವಾಯತಿನಲ್ಲಿ ನಮ್ಮ ಮಹಡಿಗೆ ನಾನೇ ವಾರ್ಡನ್ ಆದಾಗ, ಬೆಂಕಿ ಆರಿಸುವುದಕ್ಕಿಂತ ಜನರನ್ನು ಹೊರಗೆ ಸಾಗಿಸುವುದೇ ಮೊದಲ ಕರ್ತವ್ಯವೆಂದು ತಿಳಿಯಿತು.

ಗಂಟೆ ಬಾರಿಸಿದೊಡನೆ ವಾರ್ಡನ್ ಮೆಟ್ಟಿಲ ದಾರಿಯನ್ನು ತೆರವು ಮಾಡಿಸಬೇಕು. ಲಿಫ್ಟು ಇದ್ದರೆ ಯಾರನ್ನೂ ಹತ್ತಗೊಡಬಾರದು. ಪ್ರತಿ ಕೊಠಡಿಯನ್ನೂ ಶೌಚಾಲಯವನ್ನೂ ನೋಡಿ, ಹೊಗೆ ಹರಡದಂತೆ ಬಾಗಿಲು ಮುಚ್ಚುತ್ತ ಬರಬೇಕು, ಬೀಗ ಹಾಕಕೂಡದು. ಹೊಗೆಯನ್ನು ಹಗುರವಾಗಿ ಎಣಿಸಲಾಗದು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು 9 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಜನರನ್ನು ಕಂಗೆಡಿಸಿದ್ದು ಹೊಗೆಯೇ.

ಕಡೆಗೆ ಬಯಲಿನಲ್ಲಿ ತಲೆ ಎಣಿಸಬೇಕು. ಒಬ್ಬರು ಕಡಿಮೆಯಾದರೆ ತಾನೇ ಒಳಗೆ ಓಡದೆ ಅಗ್ನಿಶಾಮಕ ದಳದವರಿಗೆ ತಿಳಿಸಬೇಕು.

ನಮ್ಮ ಲೆಕ್ಕದಲ್ಲಿ ಒಬ್ಬ ಕಡಿಮೆಯಾದ. ನಾನು ನೋಡದೆ ಬಿಟ್ಟ ವಾಚನಾಲಯದ ಮೂಲೆಯಲ್ಲಿ ಆತ ಓದುತ್ತ ಕುಳಿತಿದ್ದ! ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಗೆಳೆಯರೇ, ಮುಂದಿನ ಸಲ ಗಂಟೆ ಬಾರಿಸಿದಾಗ ದಯವಿಟ್ಟು ಪುಸ್ತಕ ಮುಚ್ಚಿ ಎದ್ದು ಬನ್ನಿ.