ಒಬ್ಬರಿಗಾಗಿ ಒಲೆ ಹೊತ್ತಿಸುವಾಗ

ಕೊಡಿಗೇಹಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಬರುವ ಅರವತ್ತು ದಾಟಿದವರಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ನಿನ್ನೆ ರಾತ್ರಿ ಏನು ಊಟ ಮಾಡಿದಿರಿ?" ಮನೆತುಂಬ ಜನರಿರುವವರು ಮುದ್ದೆ, ಸಾರು, ಪಲ್ಯವೆಂದು ಸಂತೋಷದಿಂದಲೇ ವಿವರಿಸುತ್ತಾರೆ. ಒಬ್ಬರೇ ಇರುವವರು ಮಾತ್ರ ಕ್ಷಣಕಾಲ ತಡೆದು, ಹೆಚ್ಚುಕಡಿಮೆ ಒಂದೇ ಉತ್ತರವನ್ನು ಕೊಡುತ್ತಾರೆ: "ಒಬ್ಬರಿಗೇನು ಅಡುಗೆ ಡಾಕ್ಟ್ರೇ, ಏನೋ ಒಂದಿಷ್ಟು ತಿಂದು ಮಲಗಿದೆ." ಆ 'ಏನೋ ಒಂದಿಷ್ಟು' ಏನೆಂದು ಕೆದಕಿದರೆ ಹೊರಬೀಳುವುದು ಚಹಾದಲ್ಲಿ ಅದ್ದಿದ ರಸ್ಕು, ಬೆಳಗಿನ ಅನ್ನಕ್ಕೆ ಕಲಸಿದ ಮೊಸರು, ಇಲ್ಲವೇ ಎರಡು ಬಾಳೆಹಣ್ಣು. ಹೆಂಗಸರಲ್ಲಿಯೂ ಇದನ್ನು ಕಂಡಿದ್ದೇನೆ. ಐವತ್ತು ವರ್ಷ ಇಡೀ ಮನೆತನಕ್ಕೆ ಬಡಿಸಿದ ತಾಯಂದಿರು ತಮಗೊಬ್ಬರಿಗೆ ಒಲೆ ಹೊತ್ತಿಸಲು ಸಂಕೋಚಪಡುತ್ತಾರೆ. ಗಂಡಸರ ವಿಷಯದಲ್ಲಿ ಸಂಕೋಚಕ್ಕಿಂತ ಅಜ್ಞಾನವೇ ದೊಡ್ಡದು.

ಎರಡು ವರ್ಷಗಳ ಹಿಂದೆ ನಮ್ಮ ಬೀದಿಯ ನಿವೃತ್ತ ಅಧ್ಯಾಪಕರೊಬ್ಬರ ಮನೆಯ ಮುಂದೆ ಬೆಳಗ್ಗೆ ಎಂಟಾದರೂ ಹಾಲಿನ ಪೊಟ್ಟಣ ಹಾಗೆಯೇ ಬಿದ್ದಿತ್ತು. ಪಕ್ಕದ ಮನೆಯವರು ಬಹಳ ಹೊತ್ತು ಬಾಗಿಲು ಬಡಿದ ಮೇಲೆ ಅವರು ಬಂದು ತೆರೆದರಂತೆ. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು, ಮಾತು ತೊದಲುತ್ತಿತ್ತು, ಎದುರಿಗಿದ್ದವರ ಗುರುತು ಹತ್ತುತ್ತಿರಲಿಲ್ಲ. ನನಗೆ ಕರೆ ಬಂದು ನಾನು ಹೋಗಿ ಬೆರಳಿನ ರಕ್ತ ಪರೀಕ್ಷಿಸಿದಾಗ ಸಕ್ಕರೆಯ ಅಂಶ 48 ಇತ್ತು. ನುಂಗುವ ಶಕ್ತಿ ಇದ್ದುದರಿಂದ ಸಕ್ಕರೆ ನೀರು ಕುಡಿಸಿದೆವು. ಅರ್ಧ ಗಂಟೆಯಲ್ಲಿ ಮಾತು ಸರಿಹೋಯಿತು. ಆದರೂ ಆಸ್ಪತ್ರೆಗೆ ಕಳುಹಿಸಿದೆ. ಅವರು ಸೇವಿಸುತ್ತಿದ್ದ ಗ್ಲಿಮಿಪಿರೈಡ್ ಗುಂಪಿನ ಮಾತ್ರೆಗಳ ಪ್ರಭಾವ ಬಹಳ ಹೊತ್ತು ಉಳಿಯುವುದರಿಂದ, ಏರಿದ ಸಕ್ಕರೆ ಮತ್ತೆ ಕುಸಿಯಬಹುದು. ಹಿಂದಿನ ರಾತ್ರಿ ಅವರು ಮಾತ್ರೆಯನ್ನು ತಪ್ಪದೆ ತೆಗೆದುಕೊಂಡಿದ್ದರು. ಊಟ ಮಾತ್ರ ಮೂರು ಬಿಸ್ಕತ್ತು, ಒಂದು ಲೋಟ ಚಹಾ. ಪತ್ನಿ ಲಿಂಗೈಕ್ಯರಾಗಿ ಏಳು ತಿಂಗಳಾಗಿತ್ತು. "ಆಕೆ ಇದ್ದಾಗ ನೀರು ಕುಡಿಯಲು ಬಿಟ್ಟರೆ ಅಡುಗೆಮನೆಗೆ ಕಾಲಿಟ್ಟವನಲ್ಲ" ಎಂದು ಅವರೇ ಹೇಳಿದರು.

ಇದನ್ನು ಓದುವ ಮಧುಮೇಹಿಗಳು ಇಷ್ಟನ್ನು ನೆನಪಿನಲ್ಲಿಡಬೇಕು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅದು ಅಪಾಯದ ಸೂಚನೆ. ಬೆವರು, ನಡುಕ, ಎದೆಬಡಿತ, ಗೊಂದಲ ಕಾಣಿಸಿದೊಡನೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ರಾತ್ರಿ ಊಟ ಮಾಡದಿದ್ದರೆ ಮಾತ್ರೆಯನ್ನು ಏನು ಮಾಡಬೇಕೆಂಬುದನ್ನು ಮಾತ್ರೆ ಬರೆದುಕೊಟ್ಟ ವೈದ್ಯರನ್ನೇ ಮೊದಲು ಕೇಳಿ ಬರೆದಿಟ್ಟುಕೊಳ್ಳಬೇಕು.

ಅಧ್ಯಾಪಕರಿಗೆ ಅಂದು ನಾನು ಧಾರಾಳವಾಗಿಯೇ ಉಪದೇಶ ಮಾಡಿದೆ. ಅದರ ಬೆಲೆ ಎಷ್ಟೆಂಬುದು ನನಗೆ ತಿಳಿದದ್ದು ಮರುವರ್ಷದ ಮಾರ್ಗಶಿರದಲ್ಲಿ. ಮಗಳ ಬಾಣಂತನಕ್ಕೆಂದು ನಮ್ಮ ಮನೆಯವರು ದಾವಣಗೆರೆಗೆ ಹೊರಟುನಿಂತರು. "ರೀ, ಎಲ್ಲ ಡಬ್ಬಿಗಳ ಮೇಲೆ ಹೆಸರು ಬರೆದಿದ್ದೇನೆ" ಎಂದು ಹೇಳಿಯೇ ಹೋದರು. ಮೊದಲ ಮೂರು ರಾತ್ರಿ ನಾನು ತಿಂದದ್ದು ಅವಲಕ್ಕಿ ಮೊಸರು, ಅದೂ ಫ್ರಿಜ್ಜಿನ ಪಕ್ಕದಲ್ಲಿ ನಿಂತುಕೊಂಡು. ರಾತ್ರಿ ಮೊಸರು ನಿಷಿದ್ಧವೆಂದು ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವನ್ನು ತೋರಿಸಿ ಮೂವತ್ತು ವರ್ಷಗಳಿಂದ ರೋಗಿಗಳಿಗೆ ಹೇಳುತ್ತ ಬಂದವನು ನಾನು. ನಾಲ್ಕನೆಯ ಬೆಳಗ್ಗೆ ಮೂಗು ಕಟ್ಟಿ, ಗಂಟಲು ಕೆರೆದು, ಮೈ ಭಾರವಾಗಿ ಎದ್ದೆ. ನಾಚಿಕೆಯೂ ಆಯಿತು.

ಆ ದಿನ ಸಂಜೆ ಕೊಡಿಗೇಹಳ್ಳಿ ಮುಖ್ಯರಸ್ತೆಯಲ್ಲಿ ಬರುತ್ತಿದ್ದಾಗ ಅವರೆಕಾಯಿಯ ರಾಶಿಯ ಸೊಗಡು ಮೂಗಿಗೆ ಬಡಿಯಿತು, ಕಟ್ಟಿದ ಮೂಗಿಗೂ. ಅರ್ಧ ಕಿಲೋ ಕೊಂಡೆ.

ಅವರೆಗೂ ನಮ್ಮ ಈ ಭಾಗಕ್ಕೂ ಹಳೆಯ ನಂಟು. ನಾಡ ಅವರೆಯು ಹಗಲು ಕಿರಿದಾಗುವ ಕಾಲದಲ್ಲಷ್ಟೇ ಹೂಬಿಡುವ ಗಿಡ. ಆದ್ದರಿಂದಲೇ ಅದು ಚಳಿಗಾಲದ ಬೆಳೆ. ಹಗಲಿನ ಅಳತೆಯನ್ನು ಕಾಯದೆ ವರ್ಷದ ಬೇರೆ ಕಾಲದಲ್ಲೂ ಕಾಯಿ ಬಿಡುವ 'ಹೆಬ್ಬಾಳ ಅವರೆ' ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಅಭಿವೃದ್ಧಿಪಡಿಸಿದರು. ಆ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣ ನಮ್ಮ ನೆರೆಯಲ್ಲಿಯೇ ಇದೆ. ಈಗ ಬೇಸಿಗೆಯಲ್ಲಿಯೂ ಅವರೆಕಾಯಿ ಸಿಗುತ್ತದೆ. ಆದರೆ ಸಿಪ್ಪೆಯ ಮೇಲಿನ ಎಣ್ಣೆಯಂಥ ಅಂಟಿನಿಂದ ಹೊಮ್ಮುವ ಆ ಸೊಗಡು ಇಬ್ಬನಿ ಬೀಳುವ ದಿನಗಳ ಕಾಯಿಗೇ ಹೆಚ್ಚೆಂಬುದು ನಮ್ಮವರ ಅನುಭವ. ನನ್ನ ಅಭಿಪ್ರಾಯವೂ ಅದೇ.

ವೈದ್ಯನಾಗಿ ಒಂದು ತಕರಾರನ್ನು ಇಲ್ಲಿ ಎದುರಿಸಲೇಬೇಕು. ನಮ್ಮ ಶಾಸ್ತ್ರದಲ್ಲಿ ಅವರೆಗೆ 'ನಿಷ್ಪಾವ' ಎಂದು ಹೆಸರು. ಅದು ಗುರು, ವಾತಕಾರಕ ಎಂದು ಗ್ರಂಥಗಳು ಹೇಳುತ್ತವೆ. ವಯಸ್ಸಾದವರಿಗೆ, ಅದೂ ರಾತ್ರಿಗೆ, ಇದು ಸಲ್ಲುವುದೇ? ಆಹಾರದ ಒಳಿತು ಕೆಡಕುಗಳನ್ನು ನಿರ್ಧರಿಸುವ ಎಂಟು ಸಂಗತಿಗಳನ್ನು ಚರಕರು ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಎಣಿಸಿದ್ದಾರೆ. ಅವುಗಳಲ್ಲಿ ಪದಾರ್ಥದ ಸ್ವಭಾವ ಒಂದು ಮಾತ್ರ. ಎರಡನೆಯದಾದ 'ಕರಣ'ವೆಂದರೆ ಸಂಸ್ಕಾರ, ಅಂದರೆ ನೀರು, ಬೆಂಕಿ, ತೊಳೆಯುವಿಕೆ, ಕಡೆಯುವಿಕೆ ಮೊದಲಾದವುಗಳಿಂದ ಪದಾರ್ಥದ ಗುಣವನ್ನೇ ಬದಲಿಸುವ ಕ್ರಿಯೆ. ಅವರೆಕಾಳನ್ನು ನೆನೆಸಿ, ಹಿತುಕಿ, ಸಿಪ್ಪೆ ಕಳೆದು, ಶುಂಠಿ, ಮೆಣಸು, ಇಂಗು, ತುಪ್ಪಗಳೊಡನೆ ಮೆತ್ತಗೆ ಬೇಯಿಸುವ ನಮ್ಮ ತಾಯಂದಿರ ಪದ್ಧತಿಯು ಈ ಸಂಸ್ಕಾರವೇ. ಹೇಮಂತ ಋತುವಿನಲ್ಲಿ ಜಠರಾಗ್ನಿ ಪ್ರಬಲವಾಗಿರುತ್ತದೆಂಬ ಮಾತೂ ಶಾಸ್ತ್ರದ್ದೇ. ಇಷ್ಟರ ಮೇಲೆ ಪ್ರಮಾಣವು ಒಂದು ಹಿಡಿಯನ್ನು ಮೀರದೆ, ಊಟ ಏಳೂವರೆಯೊಳಗೆ ಮುಗಿದರೆ ಆರೋಗ್ಯವಂತರಾದ ಹಿರಿಯರಿಗೆ ಅಡ್ಡಿಯಿಲ್ಲವೆಂದೇ ನನ್ನ ನಿರ್ಣಯ. ಹತ್ತು ಗಂಟೆಗೆ ಇದನ್ನೇ ತಿಂದು ಮಲಗಿ, ಹೊಟ್ಟೆ ಉಬ್ಬರಿಸಿತೆಂದು ನನ್ನ ಬಳಿ ಬರಬೇಡಿ.

ಮಾಡಿದ್ದು ಹುಗ್ಗಿ. ಉತ್ತರ ಕರ್ನಾಟಕದ ಭಕ್ತರು ಹುಗ್ಗಿಯೆಂದೊಡನೆ ಜಾತ್ರೆಯ ಬೆಲ್ಲದ ಗೋಧಿ ಹುಗ್ಗಿಯನ್ನು ನೆನೆಯುತ್ತಾರೆ. ನಾನು ಹೇಳುತ್ತಿರುವುದು ಹಳೇ ಮೈಸೂರು ಸೀಮೆಯ ಖಾರದ ಹುಗ್ಗಿಯನ್ನು. ಸುಲಿದ ಕಾಳನ್ನು ಬೆಳಗ್ಗೆಯೇ ನೀರಿಗೆ ಹಾಕಿದರೆ ಸಂಜೆಗೆ ಹಿತುಕಲು ಬರುತ್ತದೆ. ಅರ್ಧ ಕಿಲೋ ಕಾಯಿಯ ಕಾಳು ನನಗೊಬ್ಬನಿಗೆ ಎರಡು ಹೊತ್ತಿಗಾಯಿತು. ಬೆರಳುಗಳ ನಡುವೆ ಕಾಳನ್ನು ಒತ್ತಿದಾಗ ಬೇಳೆ ಚಿಮ್ಮಿ ಅಡುಗೆಮನೆಯ ಮೂಲೆಗೆ ಹಾರುವುದುಂಟು. ಮೊದಲ ದಿನ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಇದು ಬೇಡವೆನ್ನುವವರಿಗೆ ಹಿತುಕಿದ ಬೇಳೆಯೇ ಈ ಕಾಲದಲ್ಲಿ ಅಂಗಡಿಯಲ್ಲಿ ದೊರೆಯುತ್ತದೆ. ಆದರೆ ಒಬ್ಬರೇ ಇರುವವರಿಗೆ ಸಂಜೆಯ ಆ ಮುಕ್ಕಾಲು ಗಂಟೆಯೇ ಕಳೆಯಲು ಕಷ್ಟವಾದದ್ದು. ಕೈಗೆ ಕೆಲಸವಿದ್ದರೆ ಒಳ್ಳೆಯದು.

ಒಬ್ಬರಿಗೆ ಅಕ್ಕಿ 40 ಗ್ರಾಂ, ಹೆಸರುಬೇಳೆ 30 ಗ್ರಾಂ, ಹಿತುಕಿದ ಬೇಳೆ ಒಂದು ಹಿಡಿ ಸಾಕು. ಹೆಸರುಬೇಳೆಯನ್ನು ಘಮ್ಮೆನ್ನುವವರೆಗೆ ಬರಿಯ ಬಾಣಲೆಯಲ್ಲಿ ಹುರಿಯಬೇಕು. ಬಣ್ಣ ಕೆಂಪಾಗುವವರೆಗೆ ಕಾಯಬಾರದು, ನಾನು ಕಾದು ಕೆಡಿಸಿದ್ದೇನೆ. ಎರಡು ಲೀಟರಿನ ಸಣ್ಣ ಕುಕ್ಕರಿನಲ್ಲಿ ಒಂದು ಚಮಚ ತುಪ್ಪ ಕಾಯಿಸಿ, ಅರ್ಧ ಚಮಚ ಜೀರಿಗೆ, ಕುಟ್ಟಿದ ಏಳೆಂಟು ಕಾಳುಮೆಣಸು, ಜಜ್ಜಿದ ಶುಂಠಿ, ಕರಿಬೇವು, ಚಿಟಿಕೆ ಇಂಗು ಹಾಕಿ, ಅವರೆಬೇಳೆಯನ್ನು ಒಂದು ನಿಮಿಷ ಬಾಡಿಸಬೇಕು. ಬಳಿಕ ತೊಳೆದ ಅಕ್ಕಿ, ಬೇಳೆ, ಅರಿಸಿನ, ಹದವಾಗಿ ಉಪ್ಪು, ಸುಮಾರು 400 ಮಿ.ಲೀ. ನೀರು ಸೇರಿಸಿ ಮೂರು ಕೂಗು ಕೂಗಿಸುವುದು. ಆವಿ ತಾನಾಗಿಯೇ ಇಳಿದ ಮೇಲೆ ಮುಚ್ಚಳ ತೆಗೆದು ಸೌಟಿನಿಂದ ಮಸೆದು, ಎರಡು ಚಮಚ ಹಸಿ ತೆಂಗಿನ ತುರಿ ಬೆರೆಸಿ, ಬಡಿಸಿಕೊಂಡ ಬಳಿಕ ಮೇಲೆ ಮತ್ತೊಂದು ಚಮಚ ತುಪ್ಪ ಬಿಡಬೇಕು. ಈ ಎರಡನೆಯ ಚಮಚದ ವಿಷಯದಲ್ಲಿ ಜಿಪುಣತನ ಬೇಡ. ಉಪ್ಪಿನ ವಿಷಯದಲ್ಲಿ ಇರಲಿ. ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದುದರಿಂದ ಉಪ್ಪಿನಕಾಯಿಯನ್ನು ಬಿಟ್ಟು, ಹಸಿ ಶುಂಠಿ ಹಾಕಿದ ತಿಳಿಮಜ್ಜಿಗೆಯೊಂದನ್ನು ಜೊತೆಗಿಟ್ಟುಕೊಂಡರೆ ಸಾಕು.

ಬೇಳೆಗೆ ಇಷ್ಟು ಪ್ರಾಶಸ್ತ್ಯವೇಕೆಂದರೆ, ವಯಸ್ಸಾದಂತೆ ಮಾಂಸಖಂಡಗಳು ಕರಗುತ್ತವೆ. ರಸ್ಕು ಬಿಸ್ಕತ್ತುಗಳು ಅದನ್ನು ತಡೆಯಲಾರವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಪಡಿಸಿದ ಪ್ರಮಾಣದಂತೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 60 ಕಿಲೋ ತೂಗುವವರಿಗೆ ಇದು ಸುಮಾರು 50 ಗ್ರಾಂ. 30 ಗ್ರಾಂ ಹೆಸರುಬೇಳೆಯೊಂದೇ ಏಳು ಗ್ರಾಮಿನಷ್ಟನ್ನು ಕೊಡುತ್ತದೆ. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ತಮ್ಮ ವೈದ್ಯರು ಹೇಳಿದ ಮಿತಿಯಲ್ಲಿಯೇ ಬೇಳೆಯನ್ನು ಬಳಸಬೇಕು.

ಇಷ್ಟೆಲ್ಲ ಪೋಷಕಾಂಶದ ಮಾತಾಯಿತು. ಆದರೆ ಒಬ್ಬರೇ ಉಣ್ಣುವವರ ತೊಂದರೆ ಪೋಷಕಾಂಶದ್ದಷ್ಟೇ ಅಲ್ಲ. ಚರಕರ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ 'ಇಂಥವುಗಳಲ್ಲಿ ಇದು ಅಗ್ರಗಣ್ಯ' ಎಂದು ಹೇಳುವ ಒಂದು ನೀಳವಾದ ಪಟ್ಟಿ ಇದೆ. ಆರೋಗ್ಯ ಕೊಡುವವುಗಳಲ್ಲಿ ಸಕಾಲದ ಭೋಜನಕ್ಕೆ, ಆಹಾರದ ಗುಣಗಳಲ್ಲಿ ತೃಪ್ತಿಗೆ, ರೋಗವನ್ನು ಬೆಳೆಸುವವುಗಳಲ್ಲಿ ವಿಷಾದಕ್ಕೆ ಅಲ್ಲಿ ಅಗ್ರಸ್ಥಾನ. ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗೆಂದು ಇದನ್ನು ಬಾಯಿಪಾಠ ಮಾಡಿದ್ದೆ. ಅಧ್ಯಾಪಕರ ಮನೆಯ ಬಾಗಿಲಿನಲ್ಲಿ ನಿಂತ ದಿನ ಆ ಮೂರೂ ಒಟ್ಟಿಗೆ ನೆನಪಿಗೆ ಬಂದವು. ಪೌಷ್ಟಿಕವೆಂದು ಸಪ್ಪೆ ಗಂಜಿಯನ್ನು ನಿತ್ಯವೂ ನುಂಗುವವರಿಗೆ ತೃಪ್ತಿಯಿಲ್ಲ. ಕೆಲವೇ ದಿನಗಳಲ್ಲಿ ಅದೂ ನಿಂತು ರಸ್ಕಿಗೆ ಬರುತ್ತಾರೆ. ನಾಲಿಗೆ ಬಯಸುವುದನ್ನೇ, ಬಾಲ್ಯದಿಂದ ರೂಢಿಯಾದುದನ್ನೇ ಹಿತವಾಗಿ ಮಾಡಿಕೊಳ್ಳಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಚರಕರ ಆ ಎಂಟರ ಪಟ್ಟಿಯ ಕೊನೆಯಲ್ಲಿರುವುದು 'ಉಪಯೋಕ್ತಾ', ಉಣ್ಣುವಾತ. ಯಾರಿಗೆ ಏನು ಒಗ್ಗುತ್ತದೆಂಬುದು ಅವನನ್ನೇ ಅವಲಂಬಿಸಿದೆ.

ನಿಂತು ತಿನ್ನುವುದನ್ನು ಅಂದೇ ಬಿಟ್ಟೆ. ಇಷ್ಟವಾದ ಸ್ಥಳದಲ್ಲಿ, ಒಪ್ಪವಾದ ಪಾತ್ರೆಗಳೊಡನೆ, ಊಟದಲ್ಲಿಯೇ ಮನಸ್ಸಿಟ್ಟು ಉಣ್ಣಬೇಕೆಂಬುದು ಶಾಸ್ತ್ರದ ವಿಧಿ. ಅತಿಥಿಗಳು ಬಂದಾಗಷ್ಟೇ ಹೊರತೆಗೆಯುವ ಕಂಚಿನ ತಟ್ಟೆಯನ್ನು ಕಪಾಟಿನಿಂದ ಇಳಿಸಿ ತೊಳೆದೆ. ಸಂಜೆಯ ಲಿಂಗಪೂಜೆಯನ್ನು ಏಳಕ್ಕೆ ಮುಗಿಸಿ, ಬಡಿಸಿಕೊಂಡದ್ದನ್ನು ಇಷ್ಟಲಿಂಗಕ್ಕೆ ಅರ್ಪಿಸಿ ಕುಳಿತೆ. ಮಠದ ದಾಸೋಹದಲ್ಲಿ ಸಾವಿರಾರು ಜನರೊಡನೆ ಪಂಕ್ತಿಯಲ್ಲಿ ಕುಳಿತು ರೂಢಿಯಾದ ನಮಗೆ ಒಂಟಿ ತಟ್ಟೆ ಬಿಕೋ ಎನ್ನಿಸುವುದು ಸಹಜ. ಆದರೆ ಅರ್ಪಿಸಿ ಉಣ್ಣುವವರು ಬಡಿಸುವುದು ತಮಗೊಬ್ಬರಿಗೇ ಅಲ್ಲ. ಅಲ್ಲಿಗೆ 'ಏನೋ ಒಂದಿಷ್ಟು' ಎನ್ನಲು ಬಾಯಿ ಬರುವುದಿಲ್ಲ. ಪ್ರಸಾದವನ್ನು ಚೆಲ್ಲಬಾರದೆಂದು ನಮ್ಮ ಹಿರಿಯರು ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ಆ ನಿಯಮವನ್ನು ಪಾಲಿಸುವವರು ಹೆಚ್ಚು ಬೇಯಿಸಿ ಮೂರು ದಿನ ಫ್ರಿಜ್ಜಿನಲ್ಲಿಟ್ಟು ಕಾಯಿಸಿಕೊಳ್ಳಲಾರರು. 40 ಗ್ರಾಂ ಅಕ್ಕಿಯ ಲೆಕ್ಕವನ್ನು ನಾನು ಕಂಡುಕೊಂಡದ್ದೂ ಹಾಗೆಯೇ. ಮೊದಲ ದಿನ ಬೇಯಿಸಿದ್ದು ಮೂವರಿಗಾಗುವಷ್ಟಿತ್ತು.

ಮಕ್ಕಳು ದೂರದ ಊರಿನಿಂದ ಮೊಬೈಲಿನಲ್ಲಿ ತರಿಸಿಕೊಡುವ ಊಟದ ಬಗ್ಗೆ ಕೇಳುವವರಿದ್ದಾರೆ. ಜ್ವರ ಬಂದ ದಿನ ಅದು ಉಪಕಾರವೇ. ನಿತ್ಯವೂ ಆದರೆ ಎಣ್ಣೆ ಉಪ್ಪುಗಳು ನಮ್ಮ ಕೈಯಲ್ಲಿರುವುದಿಲ್ಲ, ವೇಳೆಯೂ ಇರುವುದಿಲ್ಲ.

ಅವರೆ ಮುಗಿದ ಮೇಲೆ ಇದೇ ಹುಗ್ಗಿಗೆ ಮೆಂತ್ಯದ ಸೊಪ್ಪು ಹಾಕಬಹುದು, ಮಳೆಗಾಲದಲ್ಲಿ ಎಳೆ ಹೀರೇಕಾಯಿ. ಸಕ್ಕರೆ ಕಾಯಿಲೆಯವರು ಅಕ್ಕಿಯ ಬದಲು ನವಣೆಯನ್ನು ಬಳಸಬಹುದು. ಅದನ್ನು ಮೊದಲೇ ಒಂದೆರಡು ಗಂಟೆ ನೆನೆಸಿಡಬೇಕು. ಹಲ್ಲಿಲ್ಲದವರಿಗೆ ಅರ್ಧ ಲೋಟ ನೀರು ಹೆಚ್ಚಿಗೆ.

ಅಧ್ಯಾಪಕರಿಗೆ ಈ ಬಾರಿ ಉಪದೇಶದ ಬದಲು ಚೀಟಿಯಲ್ಲಿ ಅಳತೆಗಳನ್ನು ಬರೆದುಕೊಟ್ಟೆ. ಒಂದು ಸಂಜೆ ಸಣ್ಣ ಕುಕ್ಕರನ್ನು ಅವರ ಅಡುಗೆಮನೆಯಲ್ಲಿಯೇ ಹಚ್ಚಿ ತೋರಿಸಿದೆ. ರಬ್ಬರು ಉಂಗುರವನ್ನು ಹಾಕುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಈಚೆಗೆ ಬಂದಾಗ ಅವರ ತೂಕ ಎರಡು ಕಿಲೋ ಏರಿತ್ತು. ಕೈಚೀಲದಿಂದ ಒಂದು ಸ್ಟೀಲು ಡಬ್ಬಿ ತೆಗೆದು, "ರುಚಿ ನೋಡಿ ಡಾಕ್ಟ್ರೇ, ಏನೋ ಕಡಿಮೆಯಾಗಿದೆ, ಏನೆಂದು ತಿಳಿಯುತ್ತಿಲ್ಲ" ಎಂದರು. ಉಪ್ಪು ಹಾಕುವುದನ್ನೇ ಮರೆತಿದ್ದರು. ರಕ್ತದೊತ್ತಡಕ್ಕೆ ಒಳ್ಳೆಯದೇ ಎಂದೆ, ಅವರು ಒಪ್ಪಲಿಲ್ಲ.